ಸೇತುವೆಗೆ ಬೇಕಿದ್ದ ಒಂದು ಮತ

ಅಪ್ಪ ಮೊಣಕಾಲ ಮೇಲೆ ಟೋಪಿ ಇಟ್ಟುಕೊಂಡು ಅದನ್ನು ಸುಮ್ಮನೆ ತಿರುಗಿಸುತ್ತಲೇ ಇದ್ದ. ಶಾಸನಸಭೆಯ ಮೇಲಂತಸ್ತಿನಿಂದ ನಾನು ನೋಡುತ್ತಿದ್ದೆ. ಕಾಲಿಗೆ ಚಕ್ರ ಕಟ್ಟಿಕೊಂಡ ಮನುಷ್ಯ. ಅಷ್ಟು ಹೊತ್ತು ಒಂದೇ ಕಡೆ ಕೂತದ್ದೇ ಹೆಚ್ಚು.

ಅಮೆರಿಕದಲ್ಲಿ ರೈಲು ಇನ್ನೂ ಎಲ್ಲ ಊರಿಗೂ ಬಾರದ ಕಾಲ ಅದು. ನಮ್ಮೂರಿಗೂ ಪೇಟೆಗೂ ನಡುವೆ ಹೊಳೆ. ದಾಟಲು ದೋಣಿಯೊಂದೇ ಗತಿ. ಆ ದೋಣಿ ಮಗುಚಿಯೇ ಅಮ್ಮ ತೀರಿಕೊಂಡಳು. ಅಪ್ಪ, ಸೈಲಸ್ ಹಾರ್ಲನ್, ಮರಗೆಲಸ ಬಿಟ್ಟು ಚುನಾವಣೆಗೆ ನಿಂತದ್ದು ಸೇತುವೆಗಾಗಿ. ಮತ್ತೆ ಮತ್ತೆ ಗೆದ್ದ. ಮಸೂದೆ ಮಾತ್ರ ಪ್ರತಿ ಸಲವೂ ಬಿತ್ತು. ದೋಣಿ ಮಾಲೀಕರ ಕಡೆಯ ಗಿಡಿಯನ್ ಪ್ರ್ಯಾಟ್ ಅದನ್ನು ಬೀಳಿಸುವುದರಲ್ಲಿ ನಿಸ್ಸೀಮ.

ಅಂದು ಪ್ರ್ಯಾಟ್‌ನ ಆಸನ ಖಾಲಿಯಿತ್ತು. ಗೆದ್ದೇಬಿಟ್ಟೆವೆಂದು ನಮ್ಮೂರಿನವರು ಮೇಲಂತಸ್ತು ತುಂಬಿದ್ದರು. ಕೆಳಗೆ ಸಭೆಯ ಗುಮಾಸ್ತ ಸದಸ್ಯರ ಹೆಸರನ್ನು ಒಂದೊಂದಾಗಿ ಕೂಗತೊಡಗಿದ. ಪರ, ವಿರೋಧ, ಮತ್ತೆ ಪರ. ಎರಡೂ ಕಡೆ ಸಮವಾಗಿ, ಅಪ್ಪನ ಹೆಸರೊಂದೇ ಉಳಿಯಿತು. ಟೋಪಿ ನಿಂತಿತು.

“ನಾನು ಮತ ಹಾಕುವುದಿಲ್ಲ. ಪ್ರ್ಯಾಟ್ ಅವರ ಜೊತೆ ಜೋಡಿಯಾಗಿದ್ದೇನೆ,” ಎಂದ ಅಪ್ಪ.

ಜೋಡಿಯೆಂದರೆ ಆ ಸಭೆಯ ಹಳೆಯ ಪದ್ಧತಿ. ಎದುರು ಪಕ್ಷದವನೊಬ್ಬ ಬರಲಾಗದಿದ್ದರೆ ಈ ಕಡೆಯವನೊಬ್ಬ ತಾನೂ ಮತ ಹಾಕುವುದಿಲ್ಲವೆಂದು ಮಾತು ಕೊಡುವುದು. ಕಾನೂನೇನಲ್ಲ, ಬರೀ ಬಾಯಿಮಾತು. ಮತ ಸಮವಾದರೆ ಮಸೂದೆ ಬಿದ್ದಂತೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ.

“ದೋಣಿಯವರಿಗೆ ತನ್ನನ್ನ ಮಾರ್ಕೊಂಡ,” ಎಂದು ಪಕ್ಕದಲ್ಲಿದ್ದ ನಮ್ಮೂರಿನವನೇ ಬೈದ. ನನಗೂ ಮೈ ಉರಿಯಿತು. ಹೊರಗೆ ಮೆಟ್ಟಿಲ ಮೇಲೆ ಅಪ್ಪನನ್ನು ತಡೆದು ನಿಲ್ಲಿಸಿದೆ.

“ಅಮ್ಮನಿಗೋಸ್ಕರ ಒಂದು ಮಾತು ಮುರಿಯೋಕಾಗ್ಲಿಲ್ವಾ ನಿಂಗೆ? ಆ ಪ್ರ್ಯಾಟ್ ಏನು ನಿನ್ನ ನೆಂಟನಾ?”

“ಅವನ ಹೆಂಡ್ತಿ ಸಾಯೋ ಹಾಗಿದ್ದಾಳೆ ಮಗಳೇ. ಇಲ್ಲಿಗೆ ಬರೋದಾ, ಅವಳ ಹತ್ರ ಕೂರೋದಾ ಅಂತ ಒದ್ದಾಡ್ತಿದ್ದ. ನಾನೇ ಹೋಗಿ ಮಾತು ಕೊಟ್ಟೆ.”

“ನೀನ್ಯಾಕೆ ಕೊಡ್ಬೇಕಿತ್ತು?”

ಅಪ್ಪ ಟೋಪಿ ತಲೆಗೆ ಹಾಕಿಕೊಂಡ. “ನಿಮ್ಮಮ್ಮ ಹೋಗುವಾಗ ನಾನು ಹತ್ರ ಇರ್ಲಿಲ್ಲ. ಅವನಾದ್ರೂ ಇರ್ಲಿ,” ಎಂದ.

ಮುಂದಿನ ಚುನಾವಣೆಯಲ್ಲಿ ಅಪ್ಪ ಸೋತ. ಅವನಿರುವವರೆಗೆ ಸೇತುವೆ ಆಗಲೂ ಇಲ್ಲ.

ಮತದಾನ ನಡೆದ ಆ ಸಂಜೆ, ಊರಿಗೆ ಮರಳುವ ದೋಣಿಯಲ್ಲಿ ಯಾರೂ ನಮಗೆ ಜಾಗ ಬಿಡಲಿಲ್ಲ. ಅಪ್ಪ ನೀರಿನ ಕಡೆಗೆ ತಾನು ನಿಂತು ನನ್ನನ್ನು ಒಳಬದಿಗೆ ನಿಲ್ಲಿಸಿಕೊಂಡ. ನನ್ನ ಕೋಪ ಇನ್ನೂ ಆರಿರಲಿಲ್ಲ. ಆದರೂ ಆಚೆ ದಡ ಮುಟ್ಟುವವರೆಗೆ ಅವನ ಕೋಟನ್ನು ಬಿಗಿಯಾಗಿ ಹಿಡಿದುಕೊಂಡೇ ಇದ್ದೆ.