ಮೊದಲ ಕಹಿ ಗುಟುಕು

ಡಾಕ್ಟರ್ ಯುಲಾಲಿಯಾ ಬೆರೊಂದೊ ಅವರ ಎಡ ಹೆಗಲು ಬಲಕ್ಕಿಂತ ಎರಡು ಬೆರಳು ತಗ್ಗು. ಮೂವತ್ತು ವರ್ಷ ಆ ಕಂಕುಳಲ್ಲಿ ಬಿಸಿನೀರಿನ ಫ್ಲಾಸ್ಕು ಇರುಕಿಕೊಂಡು, ಉರುಗ್ವೆ ನದಿಯ ಮಂಜಿನೊಳಗಿಂದ ಯಾವ ಅವಸರವೂ ಇಲ್ಲದೆ ನಡೆದು ಬರುತ್ತಿದ್ದ ಆಕೆಯನ್ನು ಪಾಯ್ಸಾಂಡು ಊರಿನ ನಾವೆಲ್ಲ ಹೆಗಲಿನಿಂದಲೇ ಗುರುತಿಸುತ್ತಿದ್ದೆವು. ಏನೇ ಕೇಳಿದರೂ ಆಕೆಯ ಮೊದಲ ಉತ್ತರ, "ನೋಡೋಣ."

ಮಕ್ಕಳ ಹಾರ್ಮೋನು ವೈದ್ಯೆಯಾದ ಆಕೆಯ ಕೋಣೆಯಲ್ಲಿ ಮಾಟೆ ಎಂಬ ಎಲೆಯ ಕಷಾಯ ಸುರಿಯುವ ಕೆಲಸ ಮಗುವಿನದೇ. ಒಂದೇ ಸೋರೆಬುರುಡೆ, ಹೀರಲು ಒಂದೇ ಕೊಳವೆ, ಸರದಿಯಲ್ಲಿ ಎಲ್ಲರೂ. ಸುರಿಯುವವರೇ ಮೊದಲ ಕಹಿ ಗುಟುಕು ಕುಡಿಯುವುದು ನಮ್ಮ ರೂಢಿ. ಅದೊಂದನ್ನು ಮಾತ್ರ ಆಕೆ ಮಗುವಿಗೆ ಬಿಡದೆ ತಾನೇ ಕುಡಿಯುತ್ತಿದ್ದಳು.

ಹದಿಮೂರರ ಸಿರೊ ಹುಟ್ಟಿದಾಗ ಹೆಣ್ಣೆಂದು ಬರೆಸಲ್ಪಟ್ಟು, ಗಂಡೆಂದು ತನ್ನನ್ನು ತಾನು ಬಲ್ಲವನು. ಹರೆಯದ ಬದಲಾವಣೆಯನ್ನು ಸದ್ಯಕ್ಕೆ ತಡೆಯುವ ಮದ್ದು ಬೇಕೆಂದು ತಾಯಿ ಮಾರಿಸೆಲ್, ಹದಿನೆಂಟಾಗಲಿ ಎಂದು ತಂದೆ ವಿಲ್ಮಾರ್. ಬೇರೆಯಾಗಿದ್ದ ಇಬ್ಬರದೂ ಸಹಿ ಬೇಕಿತ್ತು. ಮಾರಿಸೆಲ್ ಕುಡಿದ ಕೊಳವೆಗೆ ವಿಲ್ಮಾರ್ ಬಾಯಿ ಹಚ್ಚುತ್ತಿರಲಿಲ್ಲ.

"ಮುಂದೊಂದಿನ ಈ ಮಗುನೇ ಬಂದು, ಆ ಮದ್ದು ಯಾಕಪ್ಪಾ ಕೊಡಿಸ್ದೆ ಅಂದ್ರೆ?" ಎಂದ ಆತ.

"ಆ ಭಯ ನಂಗೂ ಇದೆ. ಆದ್ರೆ ಕಾಯೋದೂ ಒಂದು ತೀರ್ಮಾನವೇ, ವಿಲ್ಮಾರ್. ಅದಕ್ಕೂ ಉತ್ತರ ಹೇಳ್ಬೇಕಾಗುತ್ತೆ," ಎಂದಳು ವೈದ್ಯೆ.

ಹೀಗೆ ವಾರವಾರ ಸೇರಿ ನಾಲ್ಕು ಗುರುವಾರ ಕಳೆದವು. ನೀವು ನೋಡೋಣ ಅನ್ನುವಷ್ಟರಲ್ಲಿ ಇವನ ಕಾಲವೇ ಮೀರಿಹೋಗುತ್ತದೆ ಎಂದು ಮಾರಿಸೆಲ್ ಹಂಗಿಸಿದಾಗ ವೈದ್ಯೆಗೆ ಚುರುಕ್ಕೆಂದಿತು. ಮಾತು ಸುಳ್ಳಾಗಿರಲಿಲ್ಲ.

ಐದನೆಯ ಗುರುವಾರ, ಕಿಟಕಿಯಾಚೆ ನದಿಯೋ ಆಕಾಶವೋ ತಿಳಿಯದ ಬಿಳುಪಿನಲ್ಲಿ, ಬುರುಡೆಗೆ ಚಾಚಿದ ಆಕೆಯ ಕೈಯನ್ನು ಸಿರೊ ಮೆಲ್ಲಗೆ ಸರಿಸಿದ.

"ಇವತ್ತು ಕಹಿ ನಂಗಿರ್ಲಿ ಡಾಕ್ಟ್ರೇ. ಸುರಿಯೋನು ನಾನು ತಾನೇ?"

ಮುಖ ಕಿವುಚದೆ ಕುಡಿದು, ಮತ್ತೆ ನೀರು ತುಂಬಿ, ತಾಯಿಗಿಂತ ಮೊದಲು ತಂದೆಗೆ ಚಾಚಿದ. "ಅಪ್ಪಾ, ಈಜು ಕಲಿಸಿದ್ದು ನೀನೇ. ಹೋದ ಬೇಸಿಗೆಯೆಲ್ಲಾ ಮೈ ಕಾಣ್ದಂಗೆ ಜಾಕೆಟ್ ಹಾಕ್ಕೊಂಡು ದಡದಲ್ಲಿ ಕೂತಿದ್ದೆ. ನಂಗೆ ನೀರಿಗಿಳೀಬೇಕು."

ವಿಲ್ಮಾರ್ ತಳದ ಸದ್ದು ಬರುವವರೆಗೂ ಕುಡಿದ. ಆರು ತಿಂಗಳಿಗೆ ಮಾತ್ರ, ಆಮೇಲೆ ಮತ್ತೆ ಕೂತು ಮಾತಾಡೋಣ ಎಂದು ಸಹಿ ಹಾಕಿದ. ತುಂಬಿ ಬಂದ ಬುರುಡೆಯನ್ನು ಮಾರಿಸೆಲ್ ತೆಗೆದುಕೊಂಡು ಅದೇ ಕೊಳವೆಗೆ ಬಾಯಿ ಹಚ್ಚಿದಳು.

ಇಷ್ಟು ವರ್ಷ ಕರುಣೆಯೆಂದುಕೊಂಡು ತಾನು ಕುಡಿದದ್ದು ಮಕ್ಕಳ ಪಾಲನ್ನು ಎಂದು ಆ ದಿನ ಡಾಕ್ಟರಿಗೆ ಹೊಳೆಯಿತಂತೆ, ನಾಚಿಕೆಯೂ ಆಯಿತಂತೆ. ಇಂಥ ವೈದ್ಯರ ಹಿರಿಮೆ ಸರಿಯಾದ ಉತ್ತರ ಬಲ್ಲರೆಂಬುದರಲ್ಲಿಲ್ಲ. ಎಲ್ಲರ ಭಯವನ್ನೂ ಒಂದೇ ಬುರುಡೆಯಲ್ಲಿ ಹಂಚಿ, ಆ ಬದುಕು ಯಾರದೋ ಅವರಿಗೇ ಮೊದಲ ಗುಟುಕನ್ನು, ತಡವಾಗಿಯಾದರೂ, ಬಿಟ್ಟುಕೊಡಲು ಅವರು ಕಲಿಯುತ್ತಾರೆ.