ಫ್ಲಾಪಿಯಲ್ಲಿ ಬಂದ ಫಲಿತಾಂಶ

ಶಿಕಾರಿಪುರ ತಾಲ್ಲೂಕಿನ ಸಮಸ್ತ ನಾಗರಿಕರು ಗಂಭೀರವಾಗಿ ಗಮನಿಸಬೇಕಾದ ಒಂದು ಸಂಗತಿಯಿದೆ. 1999ರ ಬೇಸಿಗೆಯಲ್ಲಿ ಗುರುಪ್ರಕಾಶನ ಜೆರಾಕ್ಸ್ ಅಂಗಡಿಯ ಬೋರ್ಡಿಗೆ ಒಂದು ಸಾಲು ಹೆಚ್ಚಾಯಿತು. ಹಳದಿ ಬಣ್ಣದಲ್ಲಿ, ಎರಡು ಆಶ್ಚರ್ಯಸೂಚಕಗಳ ಸಮೇತ: ‘ಇಂಟರ್‌ನೆಟ್ಟಿನಲ್ಲಿ ಪಿಯುಸಿ ರಿಸಲ್ಟ್ ನೋಡಿಕೊಡಲಾಗುವುದು!!’

ಕಾಲೇಜಿಗೆ ಪಟ್ಟಿ ಬರಲು ಇನ್ನೂ ಒಂದು ವಾರವಿತ್ತು. ಅಷ್ಟು ದಿನ ಯಾರು ಕಾಯುತ್ತಾರೆ? ಟೈಲರ್ ಜಬೀವುಲ್ಲಾ ಚಪ್ಪಲಿ ಹೊರಗೆ ಬಿಟ್ಟು ಅಂಗಡಿಯೊಳಗೆ ಹೋದರು, ಮಗಳು ಸಬಿಹಾಳ ರಿಜಿಸ್ಟರ್ ನಂಬರ್ ಹೇಳಿದರು. ಗುರುಪ್ರಕಾಶ ಕೀಲಿಗಳನ್ನು ಕುಟ್ಟಿದ. ತೆರೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬಂತು.

“ಫೇಲ್,” ಎಂದ. ಆ ನಾಲ್ಕು ಸಾಲನ್ನೇ ಪ್ರಿಂಟ್ ತೆಗೆದು, ಅಂಗಡಿಯ ಸೀಲು ಒತ್ತಿ ಕೊಟ್ಟ.

ಜಬೀವುಲ್ಲಾ ಅದನ್ನು ಮಡಚಿ ಟ್ರಂಕಿಗೆ ಹಾಕಿದರು. ಮಗಳಿಗೆ ತೋರಿಸಲು ಮನಸ್ಸಾಗಲಿಲ್ಲ. ಬಿ.ಎಸ್ಸಿ. ಸೇರುವ ಮಾತು ಅಲ್ಲಿಗೆ ಮುಗಿಯಿತು. ಸಬಿಹಾ ಪಡಸಾಲೆಯಲ್ಲಿ ಅಪ್ಪನ ಪಕ್ಕ ಕುಳಿತು ಅಂಗಿಗಳ ಗುಂಡಿ ತೂತುಗಳಿಗೆ ಕಾಜಾ ಹಾಕತೊಡಗಿದಳು.

ಮೂರನೇ ದಿನ, ಹೊಲಿಯಲು ಕೊಟ್ಟಿದ್ದ ರವಿಕೆ ಒಯ್ಯಲು ಟೆಲಿಫೋನ್ ಆಫೀಸಿನ ವಾಣಿಶ್ರೀ ಬಂದರು.

“ಏನವ್ವಾ ಸಬಿಹಾ, ರಿಸಲ್ಟ್ ಏನಾತು?”

ಹುಡುಗಿ ಇನ್ನೊಂದು ಕಾಜಾ ಶುರುಮಾಡಿದಳು.

“ಏನಾಗೋದು ಮೇಡಂ, ಕಂಪ್ಯೂಟರ್ ಫೇಲ್ ಅಂದೈತಿ,” ಎಂದರು ಜಬೀವುಲ್ಲಾ.

“ಯಾವ ಕಂಪ್ಯೂಟರ್ರೀ ಅದು?”

“ಗುರುಪ್ರಕಾಶಂದು. ಇಂಟರ್‌ನೆಟ್ಟು.”

“ಅವನಿಗೆಲ್ಲಿ ಇಂಟರ್‌ನೆಟ್ಟು? ಅವನ ಅಂಗಡಿಗೆ ಫೋನ್ ಲೈನೇ ಇಲ್ಲ. ಅರ್ಜಿ ನನ್ನ ಟೇಬಲ್ ಮ್ಯಾಲೇ ಐತಿ, ವೇಟಿಂಗ್ ಲಿಸ್ಟಿನಾಗೆ ನೂರಾ ನಲವತ್ತನೇದು!”

ಒಳಗಿನಿಂದ ಜಬೀವುಲ್ಲಾರ ಹೆಂಡತಿ ಇಮಾಂಬೀ ಹೇಳಿದರು: “ಶಿವಮೊಗ್ಗಕ್ಕೆ ಹೋಗಿ ಫ್ಲಾಪಿ ಅನ್ನೋ ಕಂಪ್ಯೂಟರ್ ಬಿಲ್ಲೆಯಾಗೆ ತುಂಬ್ಕೊಂಡು ಬಂದಾನಂತೆ ಅಕ್ಕಾ. ಬಸ್ಸಿನಾಗೆ ತೊಡೆ ಮ್ಯಾಲೆ ಇಟ್ಕೊಂಡು ತಂದ್ನಂತೆ, ಪಾಪ.”

“ತುಂಬ್ಕೊಂಡು ಬರಕ್ಕೆ ಅದೇನು ಸೀಮೆಎಣ್ಣೆನಾ ಇಮಾಂಬೀ?” ವಾಣಿಶ್ರೀಗೆ ಸಿಟ್ಟು ನೆತ್ತಿಗೇರಿತು.

ಜಬೀವುಲ್ಲಾ ಒಪ್ಪಲಿಲ್ಲ. “ಪ್ರಿಂಟ್ ಐತಲ್ರೀ, ಸೀಲೂ ಐತಿ. ಮನುಷ್ಯ ಸುಳ್ಳು ಹೇಳ್ತಾನೆ, ಸರಿ. ಮಷಿನ್ ಯಾಕ್ ಹೇಳ್ತೈತಿ? ಅದಕ್ಕೇನ್ ನನ್ನ ಮ್ಯಾಲೆ ಸಿಟ್ಟಾ?”

“ಅದಕ್ಕೆ ಸಿಟ್ಟೂ ಇಲ್ಲ, ನಿಮ್ಮ ಮಗಳ ಮಾರ್ಕ್ಸೂ ಗೊತ್ತಿಲ್ಲ. ಕೇಳ್ರಿ ಭಾಯಿ. ರೆಡಿಮೇಡ್ ಅಂಗಡಿಯಾಗೆ ಅಂಗಿ ಹೊಲ್ದು ತೂಗುಹಾಕಿರ್ತಾರೆ. ಯಾರು ಬಂದ್ರೂ ಅದೇ ಅಂಗಿ. ಕೆಲವು ವೆಬ್‌ಸೈಟು ಹಂಗೆ. ರಿಸಲ್ಟಿನ ವೆಬ್‌ಸೈಟ್ ಹಂಗಲ್ಲ, ಅದು ನಿಮ್ಮ ಥರ ಟೈಲರು. ನಾವು ಹಾಕೋ ನಂಬರೇ ಅಳತೆ ಚೀಟಿ. ಅದು ಫೋನ್ ಲೈನಿನಾಗೆ ದೂರದ ಕಂಪ್ಯೂಟರಿಗೆ ಹೋಗ್ತದೆ. ಸರ್ವರ್ ಅಂತಾರೆ ಅದಕ್ಕೆ. ಅಲ್ಲಿ ಬರೆದಿಟ್ಟ ಸೂಚನೆ ಪ್ರಕಾರ ಅದು ದಾಖಲೆ ಹುಡುಕಿ, ಸಬಿಹಾಳ ಪುಟಾನ ಅವಾಗ್ಲೇ ತಯಾರು ಮಾಡಿ ಕಳಿಸ್ತದೆ. ನಾವು ಕೇಳೋತಂಕ ಆ ಪುಟ ಎಲ್ಲೂ ಇರಲ್ಲ.”

“ಹಂಗಾರೆ ಅವ ಫ್ಲಾಪಿಯಾಗೆ ತಂದಿದ್ದು?”

“ಖಾಲಿ ಅಳತೆ ಚೀಟಿ! ಟೈಲರ್‌ನ ಅಲ್ಲೇ ಬಿಟ್ಟು ಬಂದಾನೆ.”

ಟ್ರಂಕಿನಿಂದ ಕಾಗದ ಹೊರಬಂತು. ಸಬಿಹಾ ಮೊದಲ ಸಲ ಅದನ್ನು ಓದಿದಳು. “ಅಬ್ಬಾ, ಇದ್ರಾಗೆ ನನ್ನ ಹೆಸರೇ ಇಲ್ಲ, ನಂಬರೂ ಇಲ್ಲ. ‘ಈ ಪುಟ ತೋರಿಸಕ್ಕಾಗಲ್ಲ’ ಅಂತೈತಿ, ಅಷ್ಟೇ! ಇದನ್ನೇ ಅವ ಫೇಲ್ ಅಂದಾನೆ!”

ವಾಣಿಶ್ರೀಗೆ ತಮ್ಮ ಪಕ್ಕದ ಮನೆಯ ನೀಲಾಂಬಿಕ ನೆನಪಾದರು. ಮೂರು ದಿನದಿಂದ ಆಕೆ ಬಾಗಿಲು ತೆರೆದಿರಲಿಲ್ಲ. ಹೋಗಿ ತಟ್ಟಿದರೆ, ಆಕೆಯ ಮಗಳು ಚೈತ್ರಶ್ರೀಗೂ ಅದೇ ಕಾಗದ. ಅದೇ ನಾಲ್ಕು ಸಾಲು, ಅದೇ ಸೀಲು.

ಇಂಥ ಕಾಗದ ಹನ್ನೊಂದು ಮನೆಗಳಲ್ಲಿತ್ತೆಂದು ಆಮೇಲೆ ಗೊತ್ತಾಯಿತು. ನಮ್ಮಲ್ಲಿ ಪಾಸಾದವರು ಬೀದಿಗೆಲ್ಲ ಸಕ್ಕರೆ ಹಂಚುತ್ತಾರೆ, ಫೇಲಾದವರು ಬಾಗಿಲು ಹಾಕಿಕೊಳ್ಳುತ್ತಾರೆ. ಹನ್ನೊಂದು ಬಾಗಿಲು ಮುಚ್ಚಿದ್ದರಿಂದ ಒಬ್ಬರ ಚೀಟಿ ಇನ್ನೊಬ್ಬರು ನೋಡಲಿಲ್ಲ. ಹೋಗಲಿ, ಕೇಳಲು ಬಂದ ಹನ್ನೊಂದು ಮಕ್ಕಳನ್ನೂ ಸಾಲಾಗಿ ಫೇಲು ಮಾಡಿದ ಮಹಾನುಭಾವನಿಗಾದರೂ ಅನುಮಾನ ಬರಬೇಡವೇ? “ಈ ಸಲ ಪೇಪರ್ ಟಫ್ ಇತ್ತು” ಎಂದು ಅವನು ಎಲ್ಲರಿಗೂ ಸಮಾಧಾನ ಹೇಳಿ ಕಳಿಸಿದ್ದ!

ಮರುದಿನ ಬೆಳಗಿನ ಬಸ್ಸಿಗೆ ವಾಣಿಶ್ರೀ, ಜಬೀವುಲ್ಲಾ ಮತ್ತು ಇಬ್ಬರು ಹುಡುಗಿಯರು ಶಿವಮೊಗ್ಗಕ್ಕೆ ಹೋದರು. ಫೋನ್ ಲೈನ್ ಇದ್ದ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಕುಳಿತರು. ಪೆಟ್ಟಿಗೆಯೊಂದು ಕಿರ್ರೆಂದು ಕೂಗಿತು.

“ಇದ್ಯಾಕ್ರೀ, ಬಾಲ ಬಾಗಿಲಿಗೆ ಸಿಕ್ಕಿದ ಬೆಕ್ಕಿನಂಗೆ ಒದರ್ತೈತಿ?”

“ಲೈನ್ ಸಿಕ್ತು ಅಂತ ಭಾಯಿ. ಸಬಿಹಾ, ನಂಬರ್ ನೀನೇ ಹಾಕು.”

ಪುಟ ಆಮೆಯ ಹಾಗೆ ಇಳಿಯಿತು. ಮೊದಲು ಹೆಸರು, ಆಮೇಲೆ ಒಂದೊಂದೇ ವಿಷಯ, ಕೊನೆಗೆ: ಪ್ರಥಮ ದರ್ಜೆ. ಅದೇ ಜಾಗದಲ್ಲಿ ಚೈತ್ರಶ್ರೀ ತನ್ನ ನಂಬರ್ ಹಾಕಿದಳು. ಬೇರೆ ಹೆಸರು, ಬೇರೆ ಅಂಕ. ಅವಳೂ ಪಾಸು.

“ಚೀಟಿ ಬದಲಾತು, ಅಂಗಿನೂ ಬದಲಾತು,” ಎಂದರು ಜಬೀವುಲ್ಲಾ ಮೆಲ್ಲಗೆ. ಮರುಕ್ಷಣ ಅವರ ದನಿ ಏರಿತು: “ಮೂರು ದಿನ ನನ್ ಮಗಳು ನೆಟ್ಟಗೆ ಊಟ ಮಾಡಿಲ್ಲ ಕಣ್ರೀ! ನಾನೂ ಸೀಲು ನೋಡಿ ನಂಬಿದ್ನಲ್ಲ, ನನಗೆ ಹೊಡೀಬೇಕು ಮೊದ್ಲು. ಆಮ್ಯಾಲೆ ಅವನ ಫ್ಲಾಪಿಗೆ ನಾನೇ ಕಾಜಾ ಹಾಕ್ತೀನಿ!”

ಅಪ್ಪ ಅಮ್ಮಂದಿರೇ, ಇದನ್ನು ಓದುತ್ತಿರುವ ನಿಮಗೆ ಕೋಪ ಬಂದರೆ ಬರಲಿ ಬಿಡಿ, ಆದರೆ ಅದನ್ನು ಕೆಲಸಕ್ಕೆ ಹಚ್ಚಿ. ಫಲಿತಾಂಶ ನೋಡಿಕೊಡುತ್ತೇವೆ ಎನ್ನುವವರ ಅಂಗಡಿಯಲ್ಲಿ ಮೊದಲು ಫೋನ್ ಲೈನ್ ಎಲ್ಲಿದೆ ಎಂದು ಕೇಳಿ. ನಂಬರನ್ನು ಮಕ್ಕಳೇ ಹಾಕಲಿ. ಬಂದ ಕಾಗದದಲ್ಲಿ ಅವರ ಹೆಸರು, ನಂಬರ್ ಇಲ್ಲದಿದ್ದರೆ ಅದು ಫಲಿತಾಂಶವಲ್ಲ, ಯಾರ ಸೀಲಿದ್ದರೂ ಅಲ್ಲ. ಏನೇ ಬರಲಿ, ಬಾಗಿಲು ಹಾಕಿಕೊಳ್ಳಬೇಡಿ. ಪಕ್ಕದ ಮನೆಯವರಿಗೆ ತೋರಿಸಿ, ಕಾಲೇಜಿನ ಪಟ್ಟಿಯನ್ನೂ ತಪ್ಪದೆ ನೋಡಿ.

ಹನ್ನೊಂದು ಮಕ್ಕಳಲ್ಲಿ ಒಂಬತ್ತು ಮಂದಿ ಪಾಸಾಗಿದ್ದರು. ಸಬಿಹಾ ಮತ್ತು ಚೈತ್ರಶ್ರೀ ಬಿ.ಎಸ್ಸಿ. ಸೇರಿದರು. ಆದರೆ ಆ ಕಾಗದವನ್ನೇ ನಂಬಿ ಕುಳಿತ ಆನವಟ್ಟಿಯ ದ್ಯಾಮಮ್ಮನ ಮನೆಯಿಂದ ಪಟ್ಟಿ ನೋಡಲು ಯಾರೂ ಹೋಗಲಿಲ್ಲ. ಅವರ ಮಗ ಪಾಸಾಗಿದ್ದಾನೆಂದು ತಿಳಿಯುವಷ್ಟರಲ್ಲಿ ಕಾಲೇಜಿಗೆ ಅರ್ಜಿ ಹಾಕುವ ಕೊನೆಯ ದಿನ ಮುಗಿದಿತ್ತು.