ಹಸಿರು ಡಬ್ಬಿಯ ವಾಸನೆ

ಮರಕ್ಕೆ ನೆನಪು ಎಷ್ಟು ದಿನ ಉಳಿಯುತ್ತದೆ? ಎರಡು ವರ್ಷ ಉಳಿದೀತೆ? ಉಳಿಯಬಹುದು, ಉಳಿಯಲೇಬೇಕು ಎಂದುಕೊಂಡು ಅವನು ಸ್ವಚ್ಛ ಮಾಡಲೆಂದು ಭಾವ ಬಿಟ್ಟುಹೋಗಿದ್ದ ಪೈಪನ್ನು ಮತ್ತೆ ಮೂಗಿನ ಹತ್ತಿರ ತಂದ. ಈ ಪೈಪು ಮೊದಲು ಅವನದೇ ಆಗಿತ್ತು. ಹನ್ನೊಂದು ವರ್ಷ ಇದರಲ್ಲಿ ಹಸಿರು ಡಬ್ಬಿಯ ತಂಬಾಕನ್ನು ಬಿಟ್ಟು ಬೇರೇನನ್ನೂ ಅವನು ಸೇದಿರಲಿಲ್ಲ. ಒಂದು ಪೈಪಿಗೆ ಒಂದೇ ತಂಬಾಕು. ಬೆರೆಸಿದರೆ ಹಿಂದಿನದರ ವಾಸನೆ ಮುಂದಿನದಕ್ಕೆ ಅಂಟುತ್ತದೆ. ಹಾಗಾದರೆ ಈಗ ಬರುತ್ತಿರುವುದು ತನ್ನದೇ ಹಳೆಯ ಹೊಗೆಯ ವಾಸನೆ ಇರಬಹುದಲ್ಲ? ಆದರೆ ಎರಡು ವರ್ಷದ ಹಿಂದೆ ಆ ಡಬ್ಬಿ ಸಿಗುವುದು ನಿಂತಾಗ ಒಳಗಿನ ಕರಿಯನ್ನೆಲ್ಲ ಕೆರೆದು ಮರ ಕಾಣುವಂತೆ ಮಾಡಿದ್ದು ತಾನೇ. ಈಗ ಚಾಕುವಿನ ತುದಿಗೆ ಬರುತ್ತಿದ್ದ ಕರಿ ಅದಾದ ಮೇಲೆ ಕೂತದ್ದು.

ಕೊಳವೆಯ ಬಾಯಲ್ಲಿ ಅರ್ಧ ಸುಟ್ಟ ಒಂದು ಎಳೆ ಸಿಕ್ಕಿಕೊಂಡಿತ್ತು. ಚಿಮುಟದಲ್ಲಿ ಎಳೆದು ಬೆರಳುಗಳ ನಡುವೆ ಹೊಸಕಿದ. ಮೊದಲು ಹೊಗೆಯಲ್ಲಿ ಒಣಗಿಸಿದ ಎಲೆಯ ಘಾಟು, ಹಿಂದೆಯೇ ಒಣ ಹಣ್ಣಿನಂಥ ಹುಳಿ. ಹಸಿರು ಡಬ್ಬಿಯದೇ ವಾಸನೆ, ಎಳೆ ಮಾತ್ರ ಹೊಸದು.

ಅವನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಗಾಜು ಉಜ್ಜುವವನು. ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವುದೇ ಅವನ ಕಸುಬು. ಆದರೂ ಆ ಹೊತ್ತು ತನ್ನ ಮೂಗೇ ತಪ್ಪಿರಲಿ ಎಂದು ಬಯಸಿದ.

ಪೈಪು ಸೇದುವುದನ್ನು ಭಾವನಿಗೆ ಕಲಿಸಿದವನು ಅವನೇ. ಅಕ್ಕ ತೀರಿಕೊಂಡ ವರ್ಷ ಭಾವ ಮನೆಗೆ ಬಂದು, ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತುಬಿಡುತ್ತಿದ್ದರು. ಆ ಕೈಗಳನ್ನು ನೋಡಲಾಗುತ್ತಿರಲಿಲ್ಲ. ಒಂದು ಭಾನುವಾರ ತನ್ನ ಒಳ್ಳೆಯ ಪೈಪನ್ನು ಆ ಕೈಗಿಟ್ಟು, ತುಂಬುವುದು, ಒತ್ತುವುದು, ಆರದಂತೆ ನಿಧಾನವಾಗಿ ಎಳೆಯುವುದು ಎಲ್ಲವನ್ನೂ ತೋರಿಸಿದ.

ಆ ಊರಿನಲ್ಲಿ ಪೈಪಿನ ತಂಬಾಕು ಸಿಗುತ್ತಿದ್ದದ್ದು ಒಂದೇ ಅಂಗಡಿಯಲ್ಲಿ. ಅಂಗಡಿ ಭಾವನ ಕಚೇರಿಯ ಪಕ್ಕದಲ್ಲಿದ್ದುದರಿಂದ ತರುವ ಕೆಲಸ ತಾನಾಗಿಯೇ ಭಾವನದಾಯಿತು. ಹಸಿರು ಡಬ್ಬಿ ತಿಂಗಳಿಗೆ ಎರಡೇ ಬರುತ್ತಿತ್ತು, ಇವನಿಗೊಂದು, ಅವರಿಗೊಂದು. ಆರು ತಿಂಗಳು ಹಾಗೆ ನಡೆಯಿತು. ಒಂದು ದಿನ ಭಾವ ಬರಿಗೈಯಲ್ಲಿ ಬಂದು, "ಇನ್ನು ಬರಲ್ವಂತೆ ಕಣೋ ಗಾಜಪ್ಪ. ಮಾಡೋರೇ ನಿಲ್ಲಿಸಿಬಿಟ್ರಂತೆ," ಎಂದಿದ್ದರು.

ಅಂದಿನಿಂದ ಅವನು ಆ ರುಚಿಯನ್ನು ತಾನೇ ಕಟ್ಟಲು ಹೊರಟ. ಭಾವ ತಂದುಕೊಡುತ್ತಿದ್ದದ್ದು ಮೂರೇ ಬಗೆ: ಹಳದಿ ಎಲೆ, ಹೊಗೆಯ ಕಪ್ಪು ಎಲೆ, ಮಿಠಾಯಿ ವಾಸನೆಯ ಒಂದು ಅಗ್ಗದ ಪೊಟ್ಟಣ. ಮೂರನೆಯದನ್ನು ಮೊದಲ ವಾರವೇ ಎಸೆದ. ಉಳಿದೆರಡನ್ನು ಬೇರೆ ಬೇರೆ ಅಳತೆಯಲ್ಲಿ ಬೆರೆಸಿ, ಮೇಲೆ ಹಣ್ಣಿನ ಹುಳಿ ಚಿಮುಕಿಸಿ, ಗಾಜು ಹಿಡಿಸುವ ತಿರುಪಿನ ಇಕ್ಕಳದಲ್ಲಿ ವಾರಗಟ್ಟಲೆ ಅದುಮಿಡುತ್ತಿದ್ದ. ಒಂದೊಂದು ಮಿಶ್ರಣ ಸಿದ್ಧವಾದ ಭಾನುವಾರ ಭಾವ ಬಂದು ಸೇದಿ ತೀರ್ಪು ಕೊಡುತ್ತಿದ್ದರು. "ಹತ್ತಿರ ಬಂದೆ. ಆದ್ರೆ ಇನ್ನೂ ಏನೋ ಕಮ್ಮಿ."

ಒಳಗಿನಿಂದ ಹೆಂಡತಿ ನಗುತ್ತಿದ್ದಳು. "ಅಣ್ಣಾ, ನೀವು ಒಂದ್ಸಲ ಸರಿಯಾಗಿದೆ ಅಂದ್ಬಿಡಿ ಪುಣ್ಯ ಕಟ್ಕೊಳ್ಳಿ. ಮನೆಯೆಲ್ಲ ಒಲೆ ಆರಿದ ಹಾಗೆ ನಾರ್ತಿದೆ."

"ಸುಳ್ಳು ಹೇಳೋಕಾಗತ್ತೇನಮ್ಮಾ? ಪಾಪ, ಇಷ್ಟು ಕಷ್ಟಪಡ್ತಾನೆ," ಎನ್ನುತ್ತಿದ್ದರು ಭಾವ.

ಎರಡು ವರ್ಷದಲ್ಲಿ ನಲವತ್ತು ಮಿಶ್ರಣಗಳಾಗಿದ್ದವು.

ಶನಿವಾರ ಮಧ್ಯಾಹ್ನ ರಜೆ ಹಾಕಿ ಅವನು ಆ ಅಂಗಡಿಗೆ ಹೋದ. ಭಾವನ ಕಚೇರಿಗೆ ಅಂದು ರಜೆ. ದಾರಿಯುದ್ದಕ್ಕೂ ಭಾವನ ಪರವಾಗಿ ತಾನೇ ವಾದ ಹೂಡಿದ. ಎಲ್ಲೋ ಒಂದು ಹಳೆಯ ಡಬ್ಬಿ ಸಿಕ್ಕಿರಬಹುದು. ಯಾರೋ ಒಂದು ಚಿಟಿಕೆ ಕೊಟ್ಟಿರಬಹುದು. ಹೇಳಲು ಮರೆತಿರಬಹುದು.

ಅಂಗಡಿಯ ಮುದುಕ ಕನ್ನಡಕವನ್ನು ಹಣೆಗೇರಿಸಿ ನೋಡಿದ. "ಅಯ್ಯೋ, ಗಾಜಿನೋರು! ಎಷ್ಟು ದಿನ ಆಯ್ತು! ಆರೋಗ್ಯನಾ? ಎದೆ ನೋವು ಈಗ ಹೇಗಿದೆ?"

"ಎದೆ ನೋವಾ?"

"ಭಾವನೋರು ಹೇಳಿದ್ರು. ಡಾಕ್ಟರು ಬಯ್ದ್ರಂತೆ, ನೀವು ಪೂರ್ತಿ ಬಿಟ್ಬಿಟ್ರಂತೆ. ನನ್ನ ವ್ಯಾಪಾರಕ್ಕೆ ನಷ್ಟ ಆದ್ರೂ ಒಳ್ಳೇದೇ ಆಯ್ತು ಬಿಡಿ, ಜೀವ ದೊಡ್ಡದು."

ಮುದುಕನ ಬೆನ್ನ ಹಿಂದೆ, ಬೆಂಕಿಪೊಟ್ಟಣಗಳ ಸಾಲಿನ ಮೇಲೆ, ಎರಡು ಹಸಿರು ಡಬ್ಬಿಗಳಿದ್ದವು. ಅವನ ಕಣ್ಣು ಅಲ್ಲೇ ನಿಂತಿತು.

"ಅದು ಭಾವನೋರದ್ದು," ಎಂದ ಮುದುಕ. "ಸೋಮವಾರ ಬಂದು ಎರಡೂ ತಗೊಂಡು ಹೋಗ್ತಾರೆ. ಒಂದು ತಿಂಗಳೂ ತಪ್ಪಿಸಿಲ್ಲ ಪುಣ್ಯಾತ್ಮ."

"ನಿಲ್ಲಿಸಿಬಿಟ್ರು ಅಂತ ಕೇಳಿದ್ದೆ."

"ಯಾರು ಹೇಳಿದ್ದು? ನನಗೆ ಗೊತ್ತಿಲ್ದೆ ಯಾರು ನಿಲ್ಲಿಸ್ತಾರೆ!"

ಅವನ ಕಿವಿ ಬಿಸಿಯಾಯಿತು. ಏನಾದರೂ ಹೇಳಬೇಕಿತ್ತು. "ಒಂದು ಚಿಟಿಕೆ ಸಿಗುತ್ತಾ?" ಎಂದುಬಿಟ್ಟ.

ಮುದುಕ ಗಲ್ಲಾದ ಕೆಳಗಿನಿಂದ, ಗಿರಾಕಿಗಳಿಗೆ ವಾಸನೆ ತೋರಿಸಲು ತೆರೆದಿಟ್ಟಿದ್ದ ಅದೇ ತಂಬಾಕಿನ ಭರಣಿಯನ್ನು ತೆಗೆದ. ಕಾಗದದಲ್ಲಿ ಎರಡು ಪೈಪಿಗಾಗುವಷ್ಟು ಕಟ್ಟಿ, ಆಚೀಚೆ ನೋಡಿ ಕೈಗೆ ತುರುಕಿದ. "ಕದ್ದು ಸೇದೋದಾ? ಹೋಗಿ, ಹೋಗಿ. ಭಾವನೋರ ಹತ್ರ ನಾನು ಬಾಯಿ ಬಿಡಲ್ಲ. ಆಮೇಲೆ ನನಗೇ ಬೈತಾರೆ."

ದುಡ್ಡು ಕೊಡಹೋದರೆ ಮುದುಕ ಬೇಡವೆಂದ. ಕಳ್ಳನಂತೆ ಪೊಟ್ಟಣವನ್ನು ಒಳಜೇಬಿಗೆ ಹಾಕಿಕೊಂಡು ಅವನು ಬೀದಿಗೆ ಇಳಿದ. ಕದ್ದವರು ಯಾರೋ, ಬೆವರುತ್ತಿರುವವರು ಯಾರೋ.

ಆ ರಾತ್ರಿ ಹೆಂಡತಿ ಏನಾಯಿತೆಂದು ಕೇಳಿದಾಗ ತಲೆನೋವು ಎಂದ. ಡಬ್ಬಿಯ ವಿಷಯ ಅವನನ್ನು ಅಷ್ಟಾಗಿ ಕೊರೆಯಲಿಲ್ಲ. ಅಪರೂಪದ ವಸ್ತು, ಮನಸ್ಸು ಜಾರಿತು, ಆಗಲಿ. ಆದರೆ ನಲವತ್ತು ಭಾನುವಾರ? ಎದುರಿಗೆ ಕಾಲು ಚಾಚಿ ಕೂತು, ಇವನು ಕಡ್ಡಿ ಗೀರಿ ಹಿಡಿದ ಬೆಂಕಿಯಲ್ಲಿ ಪೈಪು ಹೊತ್ತಿಸಿಕೊಂಡು, ಹುಬ್ಬು ಗಂಟಿಕ್ಕಿ, "ಏನೋ ಕಮ್ಮಿ" ಅಂದರಲ್ಲ? ಆ ಏನೋ ಅವರ ಮೇಜಿನ ಸೆಳೆಖಾನೆಯಲ್ಲೇ ಇತ್ತಲ್ಲ?

ಬೆಳಗಾಗುವ ಹೊತ್ತಿಗೆ ಒಂದು ನಿರ್ಧಾರಕ್ಕೆ ಬಂದ. ಭಾವನಿಗೆ ಒಂದು ಬಾಗಿಲು ತೆರೆದಿಡಬೇಕು. ಇವತ್ತು ಅವರು ನಿಜ ಹೇಳಿದರೆ ಹಿಂದಿನದೆಲ್ಲ ಅಲ್ಲಿಗೆ ಮುಗಿಯಲಿ.

ಸಂಜೆ ಭಾವ ಬಂದು ಎಂದಿನ ಕುರ್ಚಿಯಲ್ಲಿ ಕೂತರು. "ನನ್ನ ಪೈಪು ಸ್ವಚ್ಛ ಆಯ್ತೇನೋ?"

"ಆಯ್ತು ಭಾವ. ನಲವತ್ತೊಂದನೇದನ್ನ ಅದರಲ್ಲೇ ತುಂಬಿದ್ದೀನಿ, ನೋಡಿ."

ತುಂಬಿದ್ದದ್ದು ಪೊಟ್ಟಣದ ತಂಬಾಕು. ಮಿಕ್ಕದ್ದನ್ನು ಎಂದಿನಂತೆ ತಟ್ಟೆಯಲ್ಲಿಟ್ಟಿದ್ದ. ಕಡ್ಡಿ ಗೀರಿ ಹಿಡಿದ.

ಭಾವ ಒಮ್ಮೆ ಎಳೆದರು. ಕೂತಾಗಲೆಲ್ಲ ಅಲ್ಲಾಡುವ ಅವರ ಬಲಗಾಲು ನಿಂತಿತು. ಇನ್ನೊಮ್ಮೆ ಎಳೆದು, ಪೈಪನ್ನು ಬಾಯಿಂದ ತೆಗೆದು, ಬಟ್ಟಲೊಳಗೆ ನೋಡಿದರು. ಆಮೇಲೆ ತಲೆಯೆತ್ತಿ ಅವನನ್ನು ನೋಡಿದರು. ಗುರುತು ಸಿಕ್ಕಿತ್ತು. ಆ ಕಣ್ಣುಗಳಲ್ಲಿ ಒಂದು ಕ್ಷಣ ಭಯವಿತ್ತು. ಅವನು ತನ್ನ ಮುಖದಲ್ಲಿ ಏನೂ ಕಾಣದಂತೆ ಕೂತ. ಹೇಳಿ ಭಾವ, ಇದೇ ಅಂತ ಒಂದು ಮಾತು ಹೇಳಿ ಎಂದು ಮನಸ್ಸು ಒಳಗೊಳಗೇ ಬೇಡುತ್ತಿತ್ತು.

ಅವನ ಮುಖದಲ್ಲಿ ಏನೂ ಕಾಣದೆ ಭಾವನಿಗೆ ಧೈರ್ಯ ಬಂತು. ಬಲಗಾಲು ಮತ್ತೆ ಅಲ್ಲಾಡತೊಡಗಿತು.

"ಊಹೂಂ," ಎಂದರು. "ಹೋದ ಸಲದ್ದೇ ವಾಸಿ ಇತ್ತು ಕಣೋ. ಇದು ದೂರ ಹೋಗಿದೆ. ಹುಳಿ ಸಾಲದು."

"ಹೌದಾ?"

"ಬೇಜಾರು ಮಾಡ್ಕೋಬೇಡ. ಇನ್ನೊಂದು ನಾಲ್ಕು ಸಲ ನೋಡು, ಬಂದೇ ಬರುತ್ತೆ." ಪೈಪನ್ನು ಕೊನೆಯ ಎಳೆಯವರೆಗೂ ಸೇದಿದರು. ಎದ್ದು ಚಪ್ಪಲಿ ಮೆಟ್ಟುವಾಗ ತಟ್ಟೆಯ ಕಡೆ ನೋಡಿ, "ಮಿಕ್ಕಿದ್ದನ್ನ ಕಟ್ಟಿಕೊಡು. ಚೆನ್ನಾಗಿಲ್ದೆ ಇದ್ರೂ ಸುಮ್ನೆ ಹಾಳಾಗೋದು ಯಾಕೆ," ಎಂದರು.

ಅವನು ಕಟ್ಟಿಕೊಟ್ಟ. ಮೆಟ್ಟಿಲ ತನಕ ಹೋಗಿ, ಕತ್ತಲಿದೆ ಹುಷಾರು ಎಂದ.

ಮುಂದಿನ ಭಾನುವಾರವೂ ಭಾವ ಬಂದರು. ತಿರುಪಿನ ಇಕ್ಕಳ ಖಾಲಿಯಿತ್ತು. ತಂಬಾಕಿನ ಆಸೆ ಹೋಯಿತು ಎಂದು ಅವನು ಹೇಳಿದಾಗ, ಅದೂ ಒಳ್ಳೆಯದೇ ಎಂದು ತಲೆಯಾಡಿಸಿದರು. ಆಮೇಲೆ ಎಷ್ಟೋ ವರ್ಷ ಇಬ್ಬರೂ ಎದುರುಬದುರು ಕೂತು ಮಳೆ, ಬಿಸಿಲು, ಮಂಡಿನೋವುಗಳ ಬಗ್ಗೆ ಮಾತಾಡಿದರು. ಬಾಯಿಬಿಟ್ಟು ಕೇಳಿದ್ದರೆ ಎರಡೂ ಡಬ್ಬಿಗಳನ್ನು ನಿಮಗೇ ಬಿಟ್ಟುಕೊಡುತ್ತಿದ್ದೆ ಭಾವ ಎಂಬುದನ್ನು ಮಾತ್ರ ಅವನು ಎಂದೂ ಹೇಳಲಿಲ್ಲ.